ಹತ್ತನೆಯ ಸಾಲಿನ ಸದ್ದು

ಟೆಸ್ಸಿ ಮಿಕಾಲೆಫ್‌ಳನ್ನು ಯಾರಾದರೂ ವಿಜ್ಞಾನಿ ಎಂದು ಕರೆದರೆ ಅವಳ ಮೂಗಿನ ತುದಿ ಕೆಂಪಾಗುತ್ತಿತ್ತು. "ವಿಜ್ಞಾನಿಗಳು ಮೇಲಿನ ಮಹಡೀಲಿ ಕಾಫಿ ಕುಡೀತಾ ಕೂತಿರ್ತಾರೆ. ನಾನು ಓಡ್ಸೋಳು, ಅಷ್ಟೆ," ಎನ್ನುತ್ತಿದ್ದಳು. ಅವಳು ಓಡಿಸುತ್ತಿದ್ದದ್ದು ಬಸ್ಸನ್ನಲ್ಲ, ಕಂಪ್ಯೂಟರ್ ಪ್ರೋಗ್ರಾಮುಗಳನ್ನು. ಸೇಂಟ್ ಆಲ್ಬನ್ಸ್‌ನಲ್ಲಿರುವ ನಮ್ಮ ಮಾಲ್ಟಾದವರ ಪೈಕಿ ಅವಳ ಕೆಲಸ ಏನೆಂದು ಸರಿಯಾಗಿ ಗೊತ್ತಿದ್ದವರು ಒಬ್ಬರೂ ಇರಲಿಲ್ಲ. ತಲೆ ಡಾಕ್ಟರ ಹತ್ತಿರ ಟೈಪ್ ಮಾಡುತ್ತಾಳೆ ಎಂದು ಅರ್ಧ ಜನ ನಂಬಿದ್ದರು. ಉಳಿದರ್ಧ ಜನಕ್ಕೆ ಅವಳು ಮದುವೆ ಯಾಕಾಗಲಿಲ್ಲ ಎಂಬುದೇ ದೊಡ್ಡ ವಿಷಯ.

ಇಪ್ಪತ್ತೊಂದನೆಯ ವಯಸ್ಸಿಗೆ, 1983ರಲ್ಲಿ, ಅಂಕಿಗಳನ್ನು ಯಂತ್ರಕ್ಕೆ ತುಂಬುವ ಹುಡುಗಿಯಾಗಿ ಮೆದುಳಿನ ಸಂಶೋಧನೆಯ ಒಂದು ಲ್ಯಾಬಿಗೆ ಸೇರಿದಳು. ಅಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ಬಾಯ್ಲರು ಬಡಿಯುವವನು. ಮನೆಯಲ್ಲಿ ಓದಿಸುವ ಮಾತೇ ಇರಲಿಲ್ಲ. ಲ್ಯಾಬಿನ ಹಳೆಯ ಮುಖ್ಯಸ್ಥ, ಬೆಕ್ಕಿನ ತಲೆಯ ನರಗಳ ಮಿಡಿತವನ್ನು ಸ್ಪೀಕರಿಗೆ ಕೊಟ್ಟು ದಿನವಿಡೀ ಕೇಳುತ್ತ ಕೂರುತ್ತಿದ್ದ ಮುದುಕ, ಇವಳ ಕೈಗೆ ಒಂದು ಪುಸ್ತಕ ಕೊಟ್ಟು "ಕಲಿ" ಎಂದ. ಕಲಿತಳು. ಎರಡೇ ವರ್ಷದಲ್ಲಿ ಅಲ್ಲಿನ ಡಾಕ್ಟರೇಟಿನವರು ತಮ್ಮ ಪ್ರೋಗ್ರಾಮು ಕೈಕೊಟ್ಟಾಗಲೆಲ್ಲ ಅವಳ ಮೇಜಿನ ಮುಂದೆ ಬಂದು ನಿಲ್ಲತೊಡಗಿದರು. ಮುದುಕ ಅವಳಿಗೆ ಕೊಟ್ಟುಹೋದ ಪಾಠ ಎರಡು. ಮೊದಲು ಕೇಳು, ಆಮೇಲೆ ನೋಡು. ಮೂರು ಸಲ ಓಡಿಸದೆ ಬಾಯಿ ಬಿಡಬೇಡ. ಎರಡನ್ನೂ ಅವಳು ಜಪಮಾಲೆಗಿಂತ ಭಕ್ತಿಯಿಂದ ಪಾಲಿಸಿದಳು.

ಅವಳು ಓಡಿಸುತ್ತಿದ್ದದ್ದು ಇದನ್ನು: ಯಂತ್ರದೊಳಗೆ ಕೃತಕ ನರಕೋಶಗಳ ಹತ್ತು ಸಾಲು, ಸಾಲಿಗೆ ಇನ್ನೂರು ಕೋಶ. ಮೊದಲ ಸಾಲಿಗೆ ಒಂದು ಸುದ್ದಿ ಕೊಡಬೇಕು. ಆ ಸಾಲಿನವರು ಕೂಗಿದ್ದನ್ನು ಎರಡನೆಯ ಸಾಲಿನವರು ಕೇಳಿಸಿಕೊಳ್ಳಬೇಕು, ಸಾಕಷ್ಟು ಜನ ಒಟ್ಟಿಗೆ ಕೂಗಿದರೆ ತಾವೂ ಕೂಗಬೇಕು. ಹೀಗೆ ಹತ್ತನೆಯ ಸಾಲಿನವರೆಗೆ. ನಮ್ಮ ತಲೆಯೊಳಗೂ ಸುದ್ದಿ ಸಾಗುವುದು ಹೆಚ್ಚುಕಡಿಮೆ ಹೀಗೆಯೇ ಅಂತೆ. ಸುದ್ದಿ ಮೆಲ್ಲಗಿದ್ದರೆ ಮೂರನೆಯದೋ ನಾಲ್ಕನೆಯದೋ ಸಾಲಿಗೆ ಸತ್ತುಹೋಗುತ್ತದೆ. ಆಗ ಪ್ರತಿ ಕೋಶಕ್ಕೂ ಒಂದಿಷ್ಟು ಗದ್ದಲ ಬೆರೆಸಬೇಕು. ಬಸ್ಸು ಕುಲುಕಿದಾಗ ತೂಕಡಿಸುತ್ತಿದ್ದವರು ಕಣ್ಣು ಬಿಡುವುದಿಲ್ಲವೇ, ಹಾಗೆ ಕೂಗಲೋ ಬೇಡವೋ ಎಂದು ಅಂಚಿನಲ್ಲಿದ್ದವರು ಕೂಗಿಬಿಡುತ್ತಾರೆ, ಸುದ್ದಿ ಮುಂದಕ್ಕೆ ಸಾಗುತ್ತದೆ. ಗದ್ದಲ ಹೆಚ್ಚಾದರೆ ಎಲ್ಲರೂ ಬಾಯಿಗೆ ಬಂದಂತೆ ಅರಚಿ ಕೆಲಸ ಕೆಡುತ್ತದೆ. ಷರತ್ತು ಒಂದೇ: ಒಬ್ಬೊಬ್ಬರಿಗೂ ಅವರವರದೇ ಕುಲುಕಾಟ ಇರಬೇಕು. ಎಲ್ಲರನ್ನೂ ಒಂದೇ ಕ್ಷಣಕ್ಕೆ ತಳ್ಳಿದರೆ, ಸುದ್ದಿ ಬಂದಿರಲಿ ಬಿಡಲಿ, ಇಡೀ ಸಾಲು ಕೂಗುತ್ತದೆ.

ಹಳೆಯ ಯಂತ್ರದಲ್ಲಿ ಈ ಗದ್ದಲದಿಂದ ಆಗುತ್ತಿದ್ದ ಉಪಕಾರ ಅಷ್ಟಕ್ಕಷ್ಟೇ. 1996ರಲ್ಲಿ ಟೆಸ್ಸಿ ಇಡೀ ಪ್ರೋಗ್ರಾಮನ್ನು ಹೊಸ ಭಾಷೆಗೆ ತಿರುಗಿಸಿದಳು. ಅಲ್ಲಿಂದಾಚೆಗೆ ಪವಾಡವೇ ನಡೆಯಿತು. ಹತ್ತನೆಯ ಸಾಲಿನವರೆಗೆ ಸುದ್ದಿ ಕರಾರುವಾಕ್ಕಾಗಿ ಬಂದು ಮುಟ್ಟತೊಡಗಿತು, ನೂರು ಸಲ ಓಡಿಸಿದರೆ ನೂರು ಸಲವೂ ಒಂದೇ ತರಹ. ಮುದುಕನ ಜಾಗಕ್ಕೆ ಬಂದಿದ್ದ ಡಾಕ್ಟರ್ ಫರ್ಗಸ್ ಹ್ಯಾಲೊರನ್ ಅದರ ಮೇಲೆ ಲೇಖನ ಬರೆದ, ಊರೂರು ತಿರುಗಿ ಭಾಷಣ ಮಾಡಿದ. ಟೆಸ್ಸಿ ಮುದುಕನ ಅಭ್ಯಾಸ ಬಿಡದೆ ಹತ್ತನೆಯ ಸಾಲಿನ ಕೂಗನ್ನು ಮೇಜಿನ ಮೇಲಿನ ಪುಟ್ಟ ಸ್ಪೀಕರಿಗೆ ಕೊಟ್ಟಿದ್ದಳು. ಅದು ಕಟಕಟ ಅನ್ನುತ್ತಿತ್ತು. ಎರಡು ಜೊತೆಯಾಗಿ, ತುಸು ಬಿಟ್ಟು ಒಂದು, ಆಮೇಲೆ ಮೂರು ಒಟ್ಟಿಗೆ, ಉದ್ದನೆಯ ಬಿಡುವು, ಕೊನೆಗೆ ಒಂದು. ಒಳಗೆ ಕೊಡುತ್ತಿದ್ದ ಸುದ್ದಿ ಪ್ರತಿಸಲ ಒಂದೇ, ಹೊರಗೆ ಬರುತ್ತಿದ್ದ ಸದ್ದೂ ಪ್ರತಿಸಲ ಒಂದೇ. ಎಲ್ಲ ಸರಿಯಿದೆ ಎಂದುಕೊಳ್ಳಲು ಇನ್ನೇನು ಬೇಕು? ಹನ್ನೆರಡು ವರ್ಷ ಆ ಸದ್ದು ಕೇಳುತ್ತಲೇ ಅವಳು ಬ್ರೆಡ್ಡು ತಿಂದಳು, ಸ್ವೆಟರ್ ಹೆಣೆದಳು.

ಅವಳ ತಮ್ಮ ವಿಸ್ಟಿನ್ ಅಪ್ಪನಂತೆಯೇ ವರ್ಕ್‌ಶಾಪ್ ಸೇರಿದವನು. ಮೂವತ್ನಾಲ್ಕಕ್ಕೆ ಎರಡೂ ಕಿವಿಯ ನರಗಳ ಮೇಲೆ ಗಡ್ಡೆ ಬೆಳೆದು, ಅವನ್ನು ತೆಗೆಯುವಾಗ ನರಗಳೂ ಹೋದವು. ಒಂಬತ್ತು ವರ್ಷ ಕಲ್ಲಿನಂಥ ಕಿವುಡು. ಹೋದ ವರ್ಷ ಆಸ್ಪತ್ರೆಯವರು ಅವನ ಮೆದುಳಿನ ಬುಡಕ್ಕೇ ಹನ್ನೆರಡು ತಂತಿಗಳ ಸಾಧನ ಕೂರಿಸಿದರು. ಕಿವಿಯ ಹಿಂದೆ ಬಿಲ್ಲೆಯಷ್ಟಗಲದ ಒಂದು ಚಕ್ರ ಚರ್ಮಕ್ಕೆ ಅಯಸ್ಕಾಂತದಿಂದ ಅಂಟಿಕೊಳ್ಳುತ್ತಿತ್ತು, ಒಳಗಿನ ಸಾಧನಕ್ಕೆ ಸದ್ದೂ ವಿದ್ಯುತ್ತೂ ಅಲ್ಲಿಂದಲೇ. ಆದರೂ ಅವನಿಗೆ ಕೇಳಿಸಿದ್ದು ಮೂಟೆ ಬಿದ್ದಂಥ ಧಬಧಬ ಮಾತ್ರ. ಸುದ್ದಿ ಮೊದಲ ಸಾಲುಗಳಲ್ಲೇ ಸಾಯುತ್ತಿದೆ, ಗದ್ದಲ ಬೆರೆಸಿ ನೋಡೋಣ ಎಂದವನು ಹ್ಯಾಲೊರನ್. ಸಾಧನದೊಳಗಿನ ಚಿಪ್‌ಗೆ ತಾನಾಗಿ ಗದ್ದಲ ಹುಟ್ಟಿಸುವ ಶಕ್ತಿ ಇರಲಿಲ್ಲ. ಹಾಗಾಗಿ ತಂತಿಗೊಂದರಂತೆ ಹನ್ನೆರಡು ಪಟ್ಟಿಗಳನ್ನು, ಎರಡೂವರೆ ಸೆಕೆಂಡಿನವು, ಟೆಸ್ಸಿಯೇ ತನ್ನ ಪ್ರೋಗ್ರಾಮಿನಿಂದ ಕತ್ತರಿಸಿ ಕೊಟ್ಟಳು. ಮುಗಿದ ಕೂಡಲೇ ಮತ್ತೆ ಮೊದಲಿಂದ ಶುರುವಾಗುವಂಥವು. ಒಂದೊಂದೂ ಕೇಳಿಸದಷ್ಟು ಮೆಲ್ಲಗೆ. ತಮ್ಮನಿಗೆ ಕಿವಿ ಕೊಡುವ ಪುಣ್ಯ ತನ್ನ ಕೈಯಿಂದಲೇ ಆಗುತ್ತಿದೆ ಎಂದು ಆ ದಿನ ಅವಳು ಬಾತ್‌ರೂಮಿಗೆ ಹೋಗಿ ಅತ್ತಿದ್ದಳು.

ಫೆಬ್ರವರಿಯ ಒಂದು ಸೋಮವಾರ ಆಸ್ಪತ್ರೆಯಲ್ಲಿ ಆ ಗದ್ದಲಕ್ಕೆ ಚಾಲನೆ ಕೊಟ್ಟರು. ಮುಂದಿನ ವಾರದ ಬುಧವಾರ ಪರೀಕ್ಷೆ, ಅಲ್ಲಿಯವರೆಗೆ ಹಾಕಿಕೊಂಡೇ ಇರು ಎಂದರು.

ಆ ಭಾನುವಾರ ವಿಸ್ಟಿನ್ ಅಕ್ಕನ ಮನೆಗೆ ಊಟಕ್ಕೆ ಬಂದ. ಮೊಲದ ಸಾರು ಮಾಡಿದ್ದಳು. ಅವನು ಬಾಗಿಲಲ್ಲೇ ಅವಳನ್ನು ಎತ್ತಿ ಒಂದು ಸುತ್ತು ತಿರುಗಿಸಿದ.

"ಟೆಸ್! ಕೇಳುಸ್ತಾ ಇದೆ ಕಣೇ! ಎಲ್ಲಾ ಕೇಳುಸ್ತಾ ಇದೆ!"

"ಇಳ್ಸೋ ಮಾರಾಯ, ಸೊಂಟ ಮುರೀತಿಯ," ಎಂದಳು ಅವನ ಮುಖಕ್ಕೆ ಮುಖ ಕೊಟ್ಟು. ಅವನು ತುಟಿ ನೋಡಿ ಮಾತು ಹಿಡಿಯುವುದರಲ್ಲಿ ಪಳಗಿದ್ದ. "ಏನ್ ಕೇಳುಸ್ತು, ಹೇಳು."

"ಬೆಳಗ್ಗೆ ಎದ್ದ್ ತಕ್ಷಣ ನನ್ ಕ್ಯಾನರಿಗಳು. ಏನ್ ಹಾಡ್ತಾವೆ ಗೊತ್ತಾ! ಒಂಬತ್ ವರ್ಷದ್ ಬಾಕಿ ಎಲ್ಲಾ ಒಟ್ಟಿಗೆ ತೀರಿಸ್ತಾ ಇದಾವೆ, ಕಳ್ಳ ನನ್ಮಕ್ಳು."

ಟೆಸ್ಸಿ ನಗುತ್ತಲೇ ಸಾರು ಬಡಿಸಲು ತಿರುಗಿದಳು. ತಿರುಗಿದವಳ ಕೈ ಸೌಟಿನ ಮೇಲೆ ನಿಂತಿತು. ಭೂಮಿಯ ಈ ದಕ್ಷಿಣ ತುದಿಯಲ್ಲಿ ಫೆಬ್ರವರಿ ಎಂದರೆ ಬೇಸಿಗೆಯ ಕೊನೆ, ಕ್ಯಾನರಿಗಳು ಗರಿ ಉದುರಿಸುವ ಕಾಲ. ಗರಿ ಉದುರಿಸುವ ಹಕ್ಕಿ ಹಾಡುವುದಿಲ್ಲ, ಮೂಲೆಯಲ್ಲಿ ಮುದುರಿ ಕೂರುತ್ತದೆ. ಇದನ್ನು ಅವಳಿಗೆ ಹೇಳಿಕೊಟ್ಟವನೇ ವಿಸ್ಟಿನ್. ಮೂವತ್ತು ವರ್ಷದಿಂದ ಹಕ್ಕಿ ಸಾಕುವವನು ಇದನ್ನು ಮರೆತನೇ?

ಊಟದ ನಡುವೆ ಅವನ ಫೋರ್ಕು ಬಾಯಿಯ ಹತ್ತಿರ ಬಂದು ನಿಂತಿತು. ಕಣ್ಣು ತೆರೆದೇ ಇತ್ತು, ಆದರೆ ಅವನು ಅಲ್ಲಿರಲಿಲ್ಲ. ನಾಲ್ಕೈದು ಸೆಕೆಂಡು. ಆಮೇಲೆ ಏನೂ ಆಗಿಲ್ಲವೆಂಬಂತೆ ಮಾಂಸ ಬಾಯಿಗಿಟ್ಟು ಅಗಿದ.

"ಎಲ್ಲಿಗ್ ಹೋಗಿದ್ದೆ?" ಎಂದಳು.

"ಎಲ್ಲಿಗ್ ಹೋಗ್ಲಿ? ಇಲ್ಲೇ ಇದೀನಲ್ಲ," ಎಂದ. ಆಮೇಲೆ ಮುಂದಕ್ಕೆ ಬಾಗಿ, ಗುಟ್ಟು ಹೇಳುವವನಂತೆ, "ಇನ್ನೊಂದ್ ವಿಷ್ಯ. ನಗಬಾರ್ದು. ಅಮ್ಮನ ದನಿ ಕೇಳುಸ್ತಿದೆ. ಮಾತು ಸರಿಯಾಗಿ ಬಿಡಿಸಿ ಬರ್ತಿಲ್ಲ. ಆದ್ರೆ ಅವಳ್ದೇ. ಅಡಿಗೆಮನೆಯಿಂದ ಕರೆಯೋಳಲ್ಲ, ಅದೇ ತರ."

ಅಮ್ಮ ಸತ್ತು ಹದಿನಾಲ್ಕು ವರ್ಷವಾಗಿತ್ತು. ಟೆಸ್ಸಿ ನಗಲಿಲ್ಲ. ಅವನ ಎಡಗೈ ನೋಡುತ್ತಿದ್ದಳು. ಮಾತಾಡುತ್ತ ಮಾತಾಡುತ್ತ ಅವನ ಬೆರಳು ತನಗೆ ಕೇಳಿಸುತ್ತಿರುವುದಕ್ಕೆ ತಾಳ ಹಾಕುವಂತೆ ಮೇಜು ತಟ್ಟುತ್ತಿತ್ತು. ಎರಡು ಜೊತೆಯಾಗಿ. ತುಸು ಬಿಟ್ಟು ಒಂದು. ಮೂರು ಒಟ್ಟಿಗೆ. ಉದ್ದನೆಯ ಬಿಡುವು. ಒಂದು.

ಲ್ಯಾಬಿನಲ್ಲಿ ಮೊದಲ ಸಾಲಿಗೆ ಕೊಡುತ್ತಿದ್ದ ಆ ಸುದ್ದಿ ವಿಸ್ಟಿನ್‌ನ ತಲೆಗೆ ಎಂದೂ ಹೋಗಿರಲಿಲ್ಲ. ಹೋಗಿದ್ದು ಗದ್ದಲದ ಪಟ್ಟಿ ಮಾತ್ರ. ಹಾಗಾದರೆ ಈ ತಾಳ ಸುದ್ದಿಯದಲ್ಲ. ಹನ್ನೆರಡು ವರ್ಷ ತಾನು ಸುದ್ದಿ ಎಂದು ಕೇಳಿದ್ದೂ ಸುದ್ದಿಯಲ್ಲ.

ಸೋಮವಾರ ಬೆಳಗ್ಗೆ ಲ್ಯಾಬಿನ ಬಾಗಿಲು ತೆರೆದವಳೇ, ಹೆಗಲ ಚೀಲ ಕೂಡ ಕೆಳಗಿಡದೆ, ಮೊದಲ ಸಾಲಿಗೆ ಏನೂ ಕೊಡದೆ ಪ್ರೋಗ್ರಾಮು ಓಡಿಸಿದಳು. ಸ್ಪೀಕರು ಕಟಕಟ ಅಂದಿತು. ಅದೇ ಎರಡು, ಅದೇ ಒಂದು, ಅದೇ ಮೂರು. ಒಳಗೆ ಯಾರೂ ಏನೂ ಹೇಳದಿದ್ದರೂ ಹತ್ತನೆಯ ಸಾಲು ಕರಾರುವಾಕ್ಕಾಗಿ ಉತ್ತರ ಕೊಡುತ್ತಿತ್ತು.

ತಪ್ಪು ಸಿಗಲು ಹತ್ತು ನಿಮಿಷವೂ ಬೇಕಾಗಲಿಲ್ಲ. ಯಂತ್ರಕ್ಕೆ ನಿಜವಾದ ಗದ್ದಲ ಮಾಡಲು ಬರುವುದಿಲ್ಲ. ಒಂದು ಅಂಕಿ ಕೊಟ್ಟರೆ ಅದರಿಂದ ಇನ್ನೊಂದು, ಅದರಿಂದ ಮತ್ತೊಂದು ಹುಟ್ಟಿಸುತ್ತ, ನೋಡುವವರಿಗೆ ತಲೆಬುಡವಿಲ್ಲವೆನಿಸುವ ಸಾಲು ಕಟ್ಟುತ್ತದೆ. ಆ ಮೊದಲ ಅಂಕಿಗೆ ಅವರು ಬೀಜ ಎನ್ನುತ್ತಾರೆ. ಬೀಜ ಒಂದೇ ಆದರೆ ಗದ್ದಲವೂ ಅಕ್ಷರಶಃ ಒಂದೇ. ಟೆಸ್ಸಿಯ ಬೀಜ 4417, ವರ್ಕ್‌ಶಾಪಿನಲ್ಲಿ ಅಪ್ಪನ ಹಿತ್ತಾಳೆ ಬಿಲ್ಲೆಯ ಮೇಲಿದ್ದ ನಂಬರು. ಆ ಬೀಜ ಬಿತ್ತುವ ಆಜ್ಞೆಯ ಸಾಲನ್ನು ಪ್ರೋಗ್ರಾಮಿನ ತಲೆಯಲ್ಲಿ ಒಂದೇ ಸಲ ಬರೆಯಬೇಕು. 1996ರಲ್ಲಿ, ಭಾಷೆ ಬದಲಿಸುವ ಗಡಿಬಿಡಿಯಲ್ಲಿ, ಅವಳು ಅದನ್ನು ಕೋಶಗಳನ್ನು ಒಂದೊಂದಾಗಿ ಹುಟ್ಟಿಸುವ ಸುತ್ತಿನ ಒಳಗೆ ಬರೆದಿದ್ದಳು. ಪ್ರತಿ ಕೋಶ ಹುಟ್ಟುವಾಗಲೂ ಅದೇ ಬೀಜ ಮತ್ತೆ. ಎರಡು ಸಾವಿರ ಕೋಶಕ್ಕೂ ಒಂದೇ ಕುಲುಕಾಟ, ಒಂದೇ ಕ್ಷಣಕ್ಕೆ. ಎಲ್ಲರೂ ಒಟ್ಟಿಗೆ ಕೂಗಿದ್ದನ್ನು ಪವಾಡ ಎಂದುಕೊಂಡಿದ್ದರು. ತಮ್ಮನಿಗೆ ಕೊಟ್ಟ ಹನ್ನೆರಡು ಪಟ್ಟಿಗಳನ್ನು ತೆರೆದು ಪಕ್ಕಪಕ್ಕಕ್ಕೆ ಇಟ್ಟು ನೋಡಿದಳು. ಹನ್ನೆರಡೂ ಒಂದೇ. ಯಾರೂ ನೋಡಿರಲಿಲ್ಲ. ಗದ್ದಲವನ್ನು ಯಾರು ಕೂತು ಓದುತ್ತಾರೆ?

ಹ್ಯಾಲೊರನ್ ಕಾಫಿ ಲೋಟ ಹಿಡಿದುಕೊಂಡೇ ಕೆಳಗಿಳಿದು ಬಂದ. ಇಪ್ಪತ್ತು ವರ್ಷದ ಒಡನಾಟ ಅವರದು, ಏಕವಚನದ ಸಲಿಗೆ.

"ಏನ್ ಟೆಸ್, ಮುಖ ನೋಡಿದ್ರೆ ಫುಟ್‌ಬಾಲ್ ಟೀಮು ಸೋತಿರೋ ಹಾಗಿದೆ?"

"ಫರ್ಗಸ್, ಕೂತ್ಕೊ. ನಿನ್ ಪವಾಡ ನನ್ ತಪ್ಪು."

ತೋರಿಸಿದಳು. ಅವನು ಮೊದಲು ನಕ್ಕ, ಆಮೇಲೆ ಸಾಲು ಓದಿದ, ಆಮೇಲೆ ಕುರ್ಚಿ ಎಳೆದುಕೊಂಡ. ಸ್ಪೀಕರಿನ ಕಟಕಟವನ್ನು ಎರಡು ಸಲ ಕೇಳಿದ. ಇಪ್ಪತ್ತು ಲೇಖನ ಅವನ ಕಣ್ಣ ಮುಂದೆ ಹಾದುಹೋಗಿರಬೇಕು. ಬಡಪಾಯಿ, ಅವನನ್ನು ಬೈದು ಏನು ಪ್ರಯೋಜನ? ಬರೆದವಳು ಅವಳು, ಅವನು ನಂಬಿದವನು.

"ಒಂದೊಂದು ತಂತಿಯದೂ ಕೇಳುಸದಷ್ಟು ಮೆಲ್ಲಗಿದೆ ಅಂತ ಲೆಕ್ಕ ಹಾಕಿದ್ವಿ," ಎಂದ.

"ಹನ್ನೆರಡೂ ಒಂದೇ ಸಲ ಬಡಿದ್ರೆ?"

ಅವನು ಪರದೆಯ ಮೇಲಿನ ಪಟ್ಟಿಗಳನ್ನು ಬೆರಳಿಟ್ಟು ಎಣಿಸಿದ.

"ವಿಸ್ಟಿನ್ ಊಟ ಮಾಡ್ತಾ ಮಾಡ್ತಾ ನಿಂತ್ಬಿಡ್ತಾನೆ, ಫರ್ಗಸ್. ಕಣ್ಣು ಬಿಟ್ಕೊಂಡೇ. ಏನದು?"

"ಸಾಲುಗಳೆಲ್ಲಾ ಒಟ್ಟಿಗೆ ಕೂಗಿದ್ರೆ..." ಎಂದು ಹ್ಯಾಲೊರನ್ ಲೋಟ ಕೆಳಗಿಟ್ಟ. "ಅದಕ್ಕೆ ಡಾಕ್ಟ್ರುಗಳು ಬೇರೆ ಹೆಸರು ಇಟ್ಟಿದಾರೆ. ಫಿಟ್ಸು ಅಂತ. ಇನ್ನೂ ಸಣ್ಣದಿದೆ."

ಅವನು ಕೈಚಾಚಿ ಸ್ಪೀಕರು ಆರಿಸಿದ. "ಇನ್ನೊಂದಿದೆ. ನಿನ್ ಯಂತ್ರದ ಕೋಶಗಳಿಗೆ ಕಲಿಯೋದು ಗೊತ್ತಿಲ್ಲ. ಎಷ್ಟ್ ಸಲ ಓಡ್ಸಿದ್ರೂ ಮೊದಲಿನ ಹಾಗೇ ಇರ್ತಾವೆ. ಅವನ ತಲೇಲಿರೋವು ಹಾಗಲ್ಲ. ಅದೇ ದಾರೀಲಿ ಅದೇ ಕೂಗು ಮತ್ತೆ ಮತ್ತೆ ಹೋದ್ರೆ ದಾರಿ ಅಗಲ ಆಗುತ್ತೆ."

ಎರಡೂವರೆ ಸೆಕೆಂಡಿಗೊಂದು ಸಲ. ಎಚ್ಚರವಿರುವಷ್ಟು ಹೊತ್ತು. ದಿನಕ್ಕೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಸಲ, ಏಳು ದಿನ ಕಳೆದು ಇದು ಎಂಟನೆಯದು.

"ಆಸ್ಪತ್ರೆಗೆ ಫೋನ್ ಮಾಡು," ಎಂದಳು.

"ಮಾಡ್ತೀನಿ. ಆದ್ರೆ ಏನಂತ ಹೇಳ್ಲಿ? ಒಂದ್ ತಿಂಗಳು ಓಡಾಡಿ ಒಪ್ಪಿಗೆ ತಗೊಂಡಿದ್ದು ನಾನೇ. ಕೈಲಿ ಗಟ್ಟಿ ಏನಾದ್ರೂ ಇರ್ಬೇಕು. ಬೀಜದ ಸಾಲು ಸರಿ ಮಾಡಿ ಓಡ್ಸು. ನಿನ್ ಲೆಕ್ಕದ್ ಹಾಗೆ ಮೂರು ಸಲ. ಬುಧವಾರ ಹೇಗೂ ಪರೀಕ್ಷೆ ಇದೆಯಲ್ಲ."

ಇಲ್ಲಿ ಟೆಸ್ಸಿ ಎದ್ದು ಹೋಗಬೇಕಿತ್ತು. ವಿಸ್ಟಿನ್‌ನ ಮನೆ ರೈಲಿನಲ್ಲಿ ನಲವತ್ತು ನಿಮಿಷದ ದಾರಿ. ಹೋಗಿ ಆ ಚಕ್ರವನ್ನು ಅವನ ತಲೆಯಿಂದ ಕಿತ್ತು ಜೇಬಿಗೆ ಹಾಕಿಕೊಳ್ಳಬೇಕಿತ್ತು. ನೂರು ಜನ ನೂರು ಮಾತಾಡಿದ್ದಾರೆ ಆಮೇಲೆ, ಆದರೆ ಅವಳನ್ನು ಬಲ್ಲ ನಮಗೆ ಗೊತ್ತು, ಮೂರು ಸಲ ಓಡಿಸದೆ ಬಾಯಿ ಬಿಡುವುದು ಅವಳಿಗೆ ಈ ಜನ್ಮದಲ್ಲಿ ಸಾಧ್ಯವಿರಲಿಲ್ಲ. ಅವಳು ಮಾಡಿದ್ದು ಇಷ್ಟು: ಫೋನಿನಲ್ಲಿ ತಮ್ಮನಿಗೆ ಸಂದೇಶ ಬರೆದಳು. "ಬುಧವಾರದವರೆಗೆ ಚಕ್ರ ತೆಗೆದಿಡು. ದಯವಿಟ್ಟು." ಉತ್ತರ ಬರಲು ಒಂದು ನಿಮಿಷವೂ ಹಿಡಿಯಲಿಲ್ಲ. "ಹುಚ್ಚಾ ನಿನಗೆ? ಅಮ್ಮನ ಮಾತು ಈಗ ಬಿಡಿಸಿ ಬರ್ತಾ ಇದೆ."

ಅವಳು ಬೀಜದ ಸಾಲನ್ನು ಸುತ್ತಿನ ಹೊರಗೆ ತಂದು ಓಡಿಸಿದಳು. ಒಂದು ಪೂರ್ತಿ ಓಟಕ್ಕೆ ಏಳೆಂಟು ಗಂಟೆ. ಮಂಗಳವಾರ ಮಧ್ಯಾಹ್ನಕ್ಕೆ ಮೂರೂ ಮುಗಿದವು. ಒಬ್ಬೊಬ್ಬರಿಗೂ ಅವರವರದೇ ಗದ್ದಲ ಕೊಟ್ಟಾಗ ಸುದ್ದಿ ಐದನೆಯ ಸಾಲಿನವರೆಗೆ ಕುಂಟುತ್ತ ಬಂದು ಸತ್ತಿತು. ಮೂರು ಸಲವೂ ಅಷ್ಟೇ. ಸ್ಪೀಕರಿನಲ್ಲಿ ಒಂದು ಕಟಕ್ ಇಲ್ಲ. ಹೊರಗಿನ ಒಂದೇ ಒಂದು ಮಾತೂ ವಿಸ್ಟಿನ್‌ನ ತಲೆಯೊಳಗೆ ಕೊನೆ ಮುಟ್ಟಿರಲು ಸಾಧ್ಯವಿರಲಿಲ್ಲ. ಹ್ಯಾಲೊರನ್ ಆಸ್ಪತ್ರೆಗೆ ಫೋನ್ ಮಾಡಿದ. ಈಗಲೇ ಕರೆತನ್ನಿ ಎಂದರು.

ಟೆಸ್ಸಿ ಹೋದಾಗ ವಿಸ್ಟಿನ್ ಹಿತ್ತಲಿನ ಶೆಡ್ಡಿನಲ್ಲಿ ಸ್ಟೂಲಿನ ಮೇಲೆ ಕೂತಿದ್ದ. ಗೂಡುಗಳ ಕೆಳಗೆ ಹಳದಿ ಗರಿ ಉದುರಿಬಿದ್ದಿತ್ತು. ಒಂದು ಹಕ್ಕಿಯೂ ಬಾಯಿ ತೆರೆದಿರಲಿಲ್ಲ. ಅವನ ಗಡ್ಡ ಎರಡು ದಿನದ್ದು, ಕಾಳಿನ ಡಬ್ಬಿ ಕೈಯಿಂದ ಬಿದ್ದು ನೆಲವೆಲ್ಲ ಕಾಳು. ಬಿದ್ದದ್ದು ಅವನಿಗೆ ಗೊತ್ತಿದ್ದಂತಿರಲಿಲ್ಲ. ಅವಳು ಎದುರಿಗೆ ಬಂದು ಭುಜ ಮುಟ್ಟಿದ ಮೇಲೆ ಕಣ್ಣು ಅವಳ ಕಡೆ ತಿರುಗಿತು.

"ವಿಸ್ಟಿನ್, ನನ್ ತುಟಿ ನೋಡು," ಎಂದಳು ನಿಧಾನವಾಗಿ. "ನಿಂಗ್ ಕೇಳುಸ್ತಿರೋದು ಹೊರಗಿಂದಲ್ಲ. ಅದು ನಾನ್ ಮಾಡಿದ್ದು. ಲ್ಯಾಬಿನ ಯಂತ್ರದ್ದು. ತಪ್ಪು ಬರ್ದ್‌ಬಿಟ್ಟಿದೀನಿ ಕಣೋ. ಅದು ಅಮ್ಮ ಅಲ್ಲ."

ಅವನು ತುಟಿಯನ್ನು ಪೂರ್ತಿ ಓದಿದ. ಸಿಟ್ಟು ಬರಬಹುದು ಎಂದುಕೊಂಡಿದ್ದಳು. ಅವನು ನಕ್ಕ.

"ನಿನ್ ಯಂತ್ರಕ್ಕೆ ನನ್ನ ಮನೇಲ್ ಕರೆಯೋ ಹೆಸ್ರು ಗೊತ್ತಾ? ನಿಂಗೆ ಹೊಟ್ಟೆಕಿಚ್ಚು, ಟೆಸ್. ಯಾವಾಗ್ಲೂ ಇತ್ತು. ಅಮ್ಮಂಗೆ ನಾನೇ ಮುದ್ದು ಅಂತ."

"ಹೂಂ, ಹೊಟ್ಟೆಕಿಚ್ಚೇ. ಒಂದ್ ಸಲ ತೆಗೆಯೋಣ. ಒಂದೇ ನಿಮಿಷ. ಸದ್ದು ನಿಂತ್ರೆ ನಂಬ್ತಿಯ? ಆಮೇಲೆ ನನ್ ಜೊತೆ ಆಸ್ಪತ್ರೆಗ್ ಬರ್ತಿಯ?"

"ನಿಲ್ದೇ ಇದ್ರೆ?"

"ನಿಲ್ಲುತ್ತೆ."

ಕ್ಷೌರದಂಗಡಿಯಲ್ಲಿ ಕೂತವನಂತೆ ಅವನು ತಲೆ ಬಗ್ಗಿಸಿಕೊಟ್ಟ. ಅವಳು ಕೂದಲು ಸರಿಸಿ, ಚಕ್ರದ ಅಂಚಿಗೆ ಉಗುರು ಹಾಕಿದಳು. ಅಯಸ್ಕಾಂತ ಸಣ್ಣಗೆ ಹಿಡಿದು ಬಿಟ್ಟಿತು. ಚಕ್ರ ಅವಳ ಅಂಗೈಗೆ ಬಂತು. ಇನ್ನು ಅವನ ತಲೆಯೊಳಗಿನ ಸಾಧನಕ್ಕೆ ಸದ್ದೂ ಇಲ್ಲ, ವಿದ್ಯುತ್ತೂ ಇಲ್ಲ. ದೇವರೇ, ತಡವಾಗಿರದಿರಲಿ ಎಂದು ಅವಳು ಮನಸ್ಸಿನಲ್ಲೇ ಮೂರು ಸಲ ಹೇಳಿಕೊಂಡಳು. ಅವನ ಗಲ್ಲ ಹಿಡಿದು ಮುಖ ಮೇಲೆತ್ತಿದಳು.

"ನಿಂತ್ತಾ?" ಎಂದಳು.

ವಿಸ್ಟಿನ್ ಅವಳ ತುಟಿ ನೋಡುತ್ತಿರಲಿಲ್ಲ. ಅವಳ ಭುಜದ ಮೇಲಿಂದ ಮನೆಯ ಅಡಿಗೆಮನೆಯ ಬಾಗಿಲಿನ ಕಡೆ ನೋಡುತ್ತಿದ್ದ. ಒಂದು ಬೆರಳೆತ್ತಿ ಅವಳನ್ನು ಸುಮ್ಮನಿರಿಸಿದ.

"ಶ್, ತಡಿ. ಅವಳಿನ್ನೂ ಮುಗ್ಸಿಲ್ಲ."

ಟೆಸ್ಸಿ ಚಕ್ರದ ಬ್ಯಾಟರಿಯನ್ನೂ ಕಿತ್ತಳು. ವಿಸ್ಟಿನ್ ಬಾಗಿಲಿನ ಕಡೆ ತಿರುಗಿ, "ಬಂದೆ, ಮಾ," ಎಂದ.